ಗಿರಣಿ ಮಡುವಿನ ಪಾಶಾ

"ಎಳೀಬೇಡಿ! ಎಳೀಬೇಡಿ ಅಂದ್ನಲ್ಲಾ! ಇದು ಮರ ಅಲ್ಲ ಕಣ್ರೀ, ನಾನು!"

ಮೆಲಿಹಾ ಎರಡೂ ಕೈಯಲ್ಲಿ ತನ್ನ ತುರುಬು ಹಿಡಿದುಕೊಂಡು ಕೂಗಿದಳು. ತೊಡೆಮಟ್ಟ ನೀರಿನಲ್ಲಿ ನಿಂತಿದ್ದ ಆ ಅಪರಿಚಿತ, ಗಾಳದ ದಾರ ಯಾವುದೋ ವಿಲೋ ಮರದ ಕೊಂಬೆಗೆ ಸಿಕ್ಕಿಕೊಂಡಿದೆ ಎಂದುಕೊಂಡು ಹಿಂದೆ ತಿರುಗದೆಯೇ ಇನ್ನೊಂದು ಸಲ ಜಗ್ಗಿದ.

"ಅಯ್ಯೋ ಅಮ್ಮಾ!"

ಆಗ ತಿರುಗಿದ. ಕೊಂಬೆ ಇರಬೇಕಾದ ಜಾಗದಲ್ಲಿ ಕೆಂಡಾಮಂಡಲವಾದ ಒಬ್ಬಳು ಹೆಂಗಸು!

ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೀರು ಚಿಮ್ಮಿಸುತ್ತಾ ಅವನು ದಡಕ್ಕೆ ಓಡಿ ಬಂದ. ಎತ್ತರದ ಆಳು, ಹುಬ್ಬು ದಪ್ಪ, ಮುಖ ಮಾತ್ರ ಕೋರ್ಟಿನ ಬಾಗಿಲಷ್ಟು ಗಂಭೀರ.

"ಅಲುಗಾಡಬೇಡಿ," ಎಂದ.

"ಅಲುಗಾಡ್ತಾ ಇರೋಳು ನಾನಾ? ನನ್ನನ್ನ ಹಿಡಿದು ಅಲುಗಾಡಿಸ್ತಾ ಇರೋರು ಯಾರು?"

ಅವನು ಕೋಲನ್ನು ಕೆಳಗಿಟ್ಟ. ಬೆರಳುಗಳು ಅವಳ ಕಿವಿಯ ಹಿಂದೆ ಬಂದವು. ತಣ್ಣಗಿದ್ದವು, ನದಿಯ ವಾಸನೆ ಇತ್ತು... ಕೂದಲ ಒಂದೆಳೆಯೂ ನೋಯದಂತೆ ಅವನು ಕೊಕ್ಕೆಯನ್ನು ಬಿಡಿಸಿದ. ನಮ್ಮ ಉನಾ ನದಿಯಲ್ಲಿ ಕೊಕ್ಕೆಯ ತುದಿಗೆ ಹಿಮ್ಮುಳ್ಳಿರಬಾರದೆಂಬ ನಿಯಮವಿದೆ. ಮೀನಿಗೆ ನೋವಾಗದಿರಲಿ, ಹಿಡಿದು ಬಿಡುವುದಕ್ಕೆ ಸುಲಭವಾಗಲಿ ಎಂದು ಮಾಡಿದ ನಿಯಮ. ಅಂದು ಅದು ಮೆಲಿಹಾಳ ತುರುಬನ್ನು ಉಳಿಸಿತು.

'ಕೈ ಎಷ್ಟು ಹಗುರ...' ಎಂದುಕೊಂಡಳು ಮೆಲಿಹಾ. ಮರುಕ್ಷಣವೇ ಹಾಗೆ ಅಂದುಕೊಂಡದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು.

"ನೋಡಿ ಸ್ವಾಮೀ, ರಿವರ್ಸ್ ಹಾಕೋಕೆ ಮುಂಚೆ ಹಿಂದೆ ನೋಡಬೇಕು! ಕಾರಾದ್ರೂ ಅಷ್ಟೇ, ಗಾಳ ಆದ್ರೂ ಅಷ್ಟೇ. ಇಷ್ಟೂ ತಿಳಿಯಲ್ವಾ?"

"ನಿಮ್ಮ ಮಾತು ಸರಿ," ಎಂದ ಅವನು, ಅಷ್ಟೇ ಗಂಭೀರವಾಗಿ. "ಹಿಂದೆ ನೋಡಬೇಕಿತ್ತು."

ಜಗಳಕ್ಕೆ ಸಿದ್ಧಳಾಗಿ ನಿಂತವಳಿಗೆ ಎದುರಾಳಿ ತಪ್ಪು ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕು ಹೇಳಿ? ಮೆಲಿಹಾ ಇಂಗು ತಿಂದ ಮಂಗನಂತೆ ನಿಂತಳು.

ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಅವಳ ಸೋದರಮಾವ ಸುಲ್ಯೋ, ಕಾಫಿ ಚೆಲ್ಲುವಷ್ಟು ನಗುತ್ತಿದ್ದ. "ಮಗಳೇ, ಈ ಮಡುವಲ್ಲಿ ಇಷ್ಟು ವರ್ಷದಿಂದ ನೋಡ್ತಾ ಇದೀನಿ. ಇಷ್ಟು ದೊಡ್ಡದು ಯಾರಿಗೂ ಸಿಕ್ಕಿರಲಿಲ್ಲ!"

* * *

ಬಿಹಾಚ್ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಮೆಲಿಹಾ. ಮೂವತ್ತು ದಾಟಿದೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಗಂಟಲು ಮಾತ್ರ ಹಾರ್ನಿಗಿಂತ ಜೋರು. ಹಗಲೆಲ್ಲ "ಬ್ರೇಕ್! ಕ್ಲಚ್! ಅಯ್ಯೋ, ಅಜ್ಜಿ ಅಡ್ಡ ಬಂದ್ರು!" ಎಂದು ಕಿರುಚಿ ಕಿರುಚಿ, ಸಂಜೆ ನದಿಯಲ್ಲಿ ಮಾತಿಲ್ಲದೆ ನಿಲ್ಲುವುದೇ ಅವಳಿಗೆ ಔಷಧಿ. ಕೊಕ್ಕೆಗೆ ಪುಕ್ಕ ಮತ್ತು ನೂಲು ಸುತ್ತಿ ತಾನೇ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಹಗುರಾಗಿ ಇಳಿಸುವುದು, ಅದು ತೇಲಿ ಹೋಗುವುದನ್ನು ನೋಡುವುದು, ಮತ್ತೆ ಬೀಸುವುದು. ಅಷ್ಟರಲ್ಲಿ ಮನಸ್ಸು ತಿಳಿಯಾಗುತ್ತಿತ್ತು.

ಅವಳ ಜಾಗ ಹಳೆಯ ಗಿರಣಿಯ ಮಡು. ಅಲ್ಲಿ ಬಂಡೆಯಡಿ ಒಂದು ಟ್ರೌಟ್ ಮೀನಿತ್ತು. ಊರವರು ಅದನ್ನು ಪಾಶಾ, ಅಂದರೆ ಸರದಾರ, ಎನ್ನುತ್ತಿದ್ದರು. ಸಂಜೆಗೊಮ್ಮೆ ಮೇಲೆ ಬಂದು, ತೇಲುವ ಹುಳುಗಳಲ್ಲಿ ಮನಸ್ಸಿಗೆ ಬಂದದ್ದನ್ನು ಮಾತ್ರ ತಿಂದು, ಊರಿನ ಗಂಡಸರೆಲ್ಲ ಕಟ್ಟಿದ ನೊಣಗಳನ್ನು ಮೂಸಿಯೂ ನೋಡದೆ ಹೋಗುವ ಗತ್ತು ಅದಕ್ಕೆ.

ಮಾರನೆಯ ಬೆಳಿಗ್ಗೆ ಮೆಲಿಹಾ ಪಾಶಾನನ್ನೂ ಆ ದಪ್ಪ ಹುಬ್ಬಿನವನನ್ನೂ ಮರೆತಿದ್ದಳು. ಅಂದು ಅವಳ ಅಮ್ಮ ಜುಮ್ರಾಳ ಡ್ರೈವಿಂಗ್ ಪರೀಕ್ಷೆ. ಗಂಡ ತೀರಿಹೋದ ಮೇಲೆ "ಇನ್ನು ಯಾರನ್ನೂ ಕರ್ಕೊಂಡು ಹೋಗು ಅಂತ ಬೇಡೋದಿಲ್ಲ" ಎಂದು ಹಟ ಹಿಡಿದು ಸ್ಟಿಯರಿಂಗ್ ಹಿಡಿದವಳು ಜುಮ್ರಾ.

"ಅಮ್ಮಾ, ಹೆದರಬೇಡ. ಹೊಸ ಪರೀಕ್ಷಕರಂತೆ. ಒಳ್ಳೆಯವರೇ ಇರ್ತಾರೆ."

ಹಿಂದಿನ ಬಾಗಿಲು ತೆರೆಯಿತು. ಒಬ್ಬರು ಒಳಗೆ ಬಂದು ಕೂತರು. ಮೆಲಿಹಾ ಕನ್ನಡಿಯಲ್ಲಿ ನೋಡಿದಳು...

ಅದೇ ಹುಬ್ಬು!

"ನನ್ನ ಹೆಸರು ನೆರ್ಮಿನ್," ಎಂದಿತು ಹುಬ್ಬು. "ಶುರು ಮಾಡಿ."

ಜುಮ್ರಾ ಶುರು ಮಾಡಿದಳು. ಸೀದಾ ಹಿಂದಕ್ಕೆ! ಯಾರದೋ ಅಂಗಳದ ಕೋಳಿಯೊಂದು ಕೊಕ್ಕೊಕ್ಕೋ ಎನ್ನುತ್ತಾ ಚಕ್ರದಡಿಯಿಂದ ಹಾರಿತು. ಮೆಲಿಹಾ ತನ್ನ ಕಡೆಯ ಬ್ರೇಕನ್ನು ಒತ್ತಿದಳು. ಕಾರು ನಿಂತಿತು.

"ಫೇಲ್," ಎಂದ ನೆರ್ಮಿನ್. "ರಿವರ್ಸ್ ಹಾಕೋಕೆ ಮುಂಚೆ ಹಿಂದೆ ನೋಡಬೇಕು." ಕನ್ನಡಿಯಲ್ಲಿ ಮೆಲಿಹಾಳ ಕಣ್ಣನ್ನು ಸಂಧಿಸಿ, ಮುಖದ ಒಂದು ಗೆರೆಯನ್ನೂ ಬದಲಿಸದೆ ಸೇರಿಸಿದ. "ನಿನ್ನೆ ಸಂಜೆ ಒಬ್ಬರು ನನಗೂ ಹೇಳಿಕೊಟ್ರು."

* * *

ಆ ಸಂಜೆ ಮೆಲಿಹಾ ಗಿರಣಿ ಮಡುವಿಗೆ ಬಂದಾಗ ಅವನು ಆಗಲೇ ಅಲ್ಲಿದ್ದ.

"ಇದು ನನ್ನ ಜಾಗ!"

"ಹೆಸರಿನ ಹಲಗೆ ಏನೂ ಕಾಣಲಿಲ್ಲ."

"ನನ್ನಮ್ಮನ್ನ ಫೇಲ್ ಮಾಡಿದ್ದು ಸಾಲದೂಂತ ನನ್ನ ಮಡುಗೂ ಬಂದ್ರಾ?"

"ನಿಮ್ಮಮ್ಮನ್ನ ಫೇಲ್ ಮಾಡಿದ್ದು ನಾನಲ್ಲ. ಕೋಳಿ."

ಇನ್ನೇನು ಕೈ ಕೈ ಮಿಲಾಯಿಸಬೇಕು ಎನ್ನುವಷ್ಟರಲ್ಲಿ ಸುಲ್ಯೋ ಮಾವ ಬೆಂಚಿನಿಂದ ಕೆಮ್ಮಿದ. ಒಂದು ಕಾಲದಲ್ಲಿ ಉನಾದ ದೊಡ್ಡ ಗಾಳಗಾರ ಅವನು. ಈಗ ಮಂಡಿ ನೋವೆಂದು ನೀರಿಗಿಳಿಯುವುದಿಲ್ಲ, ದಡದಲ್ಲಿ ಕೂತು ನ್ಯಾಯ ಹೇಳುತ್ತಾನೆ.

"ಕೇಳಿ ಮಕ್ಕಳಾ. ಒಬ್ಬರು ನೀರಿಗೆ, ಇನ್ನೊಬ್ಬರು ನನ್ನ ಜೊತೆ ಬೆಂಚಿಗೆ. ಪಾಶಾ ಕೈಕೊಟ್ರೆ ಸರದಿ ಬದಲು. ಯಾರು ಪಾಶಾನ್ನ ಗಾಳಕ್ಕೆ ಸಿಕ್ಕಿಸಿ ಬಲೆಗೆ ಹಾಕ್ತಾರೋ, ಮಡು ಅವರದ್ದು. ಸೋತೋರು ಸೇತುವೆ ಕೆಳಗೆ ಹೋಗಿ ಬೆರಳುದ್ದದ ಮೀನು ಹಿಡೀಲಿ, ಮತ್ತೆ ಈ ಕಡೆ ತಲೆ ಹಾಕಬಾರದು. ಒಪ್ಪಿಗೇನಾ?"

"ಒಪ್ಪಿಗೆ!" ಎಂದಳು ಮೆಲಿಹಾ.

"ಒಪ್ಪಿಗೆ," ಎಂದ ನೆರ್ಮಿನ್.

'ಒಂದು ವಾರ. ಒಂದೇ ವಾರದಲ್ಲಿ ಇವನನ್ನ ಸೇತುವೆ ಕೆಳಗೆ ಕಳಿಸ್ತೀನಿ!' ಎಂದು ಮೆಲಿಹಾ ಮನಸ್ಸಿನಲ್ಲೇ ಹಲ್ಲು ಕಡಿದಳು.

ವಾರ ಕಳೆಯಿತು. ಮೇ ತಿಂಗಳೂ ಕಳೆಯಿತು. ಪಾಶಾ ಮಾತ್ರ ಪಾಶಾನಾಗಿಯೇ ಉಳಿದ.

ಒಂದು ಸಂಜೆ ಬೆಂಚಿನ ಮೇಲೆ ಮೂವರೂ ಕೂತು ಕಾಫಿ ಕುಡಿಯುತ್ತಿದ್ದಾಗ ಮೆಲಿಹಾ ಹಳೆಯ ಗಾಯ ಕೆದಕಿದಳು. "ಒಂದು ಕೋಳಿಗೋಸ್ಕರ ಯಾರಾದ್ರೂ ಫೇಲ್ ಮಾಡ್ತಾರಾ?"

ನೆರ್ಮಿನ್ ಲೋಟ ಕೆಳಗಿಟ್ಟ. "ಆ ಕೋಳಿಗೆ ಬೇಕಾದ್ರೆ ಲೈಸೆನ್ಸ್ ಕೊಡಬಹುದು," ಎಂದ. "ಅದು ಎರಡೂ ಕಡೆ ನೋಡಿಯೇ ದಾಟಿತ್ತು."

ಮೆಲಿಹಾಳಿಗೆ ಕಾಫಿ ಮೂಗಿಗೆ ಹತ್ತಿತು! ಕೆಮ್ಮಿ, ನಕ್ಕು, ಕಣ್ಣಲ್ಲಿ ನೀರು ಸುರಿದು, ಬೆಂಚಿನಿಂದ ಕೆಳಗೆ ಬೀಳುವುದೊಂದು ಬಾಕಿ. ನೆರ್ಮಿನ್ ಅವಳನ್ನೇ ನೋಡುತ್ತಿದ್ದ. ಆ ಕೋರ್ಟಿನ ಬಾಗಿಲು ಮೊದಲ ಸಲ ಸ್ವಲ್ಪವೇ ಸ್ವಲ್ಪ ತೆರೆದುಕೊಂಡಿತು... ಅವನೂ ನಗುತ್ತಿದ್ದ!

'ಬ್ರೇಕ್, ಮೆಲಿಹಾ! ಬ್ರೇಕ್!' ಎಂದಿತು ಅವಳ ಮನಸ್ಸು. ಎದೆ ಕೇಳಬೇಕಲ್ಲ!

ಅಂದಿನಿಂದ ನೆರ್ಮಿನ್‌ನಲ್ಲಿ ಒಂದು ಹೊಸ ಚಾಳಿ ಶುರುವಾಯಿತು. ಅವನು ಬೀಸಿದರೆ ದಾರ ಗಾಳಿಯಲ್ಲಿ ಬರೆದಂತೆ ಹೋಗುತ್ತಿತ್ತು. ನೊಣ ಹೂವಿನಂತೆ ಇಳಿಯುತ್ತಿತ್ತು. ಪಾಶಾ ಬರುತ್ತಿತ್ತು, ಬಾಯಿ ತೆರೆಯುತ್ತಿತ್ತು, ನುಂಗುತ್ತಿತ್ತು. ಇವನು ಕೋಲು ಎತ್ತಿದರೆ... ಏನೂ ಇಲ್ಲ! ದಿನಾ ಇದೇ ಕಥೆ.

"ಏನ್ರೀ, ನಿಮ್ಮ ಕೈಗೆ ನಿದ್ದೇನಾ?" ಎಂದು ಮೆಲಿಹಾ ಛೇಡಿಸುತ್ತಿದ್ದಳು.

"ತಪ್ಪಿಸ್ಕೊಂಡ್ತು," ಎನ್ನುತ್ತಿದ್ದ ಅವನು. ದಾರ ಸುತ್ತಿ, ನೊಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಟೋಪಿಯ ಪಟ್ಟಿಗೆ ಸಿಕ್ಕಿಸಿಬಿಡುತ್ತಿದ್ದ. ಅದರಲ್ಲಿ ವಿಶೇಷವೇನಿಲ್ಲ. ನಮ್ಮ ನದಿಯ ದಡದಲ್ಲಿ ಒಬ್ಬನ ಹೆಂಡತಿಯ ವಯಸ್ಸನ್ನಾದರೂ ಕೇಳಬಹುದು, ಗಾಳಕ್ಕೆ ಕಟ್ಟಿದ ನೊಣ ಯಾವುದೆಂದು ಮಾತ್ರ ಕೇಳಬಾರದು.

'ಪಾಶಾ ದಿನಾ ಬಾಯಿ ಹಾಕೋ ಆ ನೊಣ ಯಾವುದು?' ಮೆಲಿಹಾಳ ತಲೆಯಲ್ಲಿ ಹುಳ ಹೊಕ್ಕಿತು. ನೊಣದ ಹುಳ ಸಾಲದೆಂದು ಇನ್ನೊಂದು ಹುಳವೂ ಇತ್ತು, ಅದು ಬೇರೆ ತರಹದ್ದು. ಪಾಶಾ ಯಾರ ಬಲೆಗೆ ಬಿದ್ದರೂ ಇನ್ನೊಬ್ಬರು ಸೇತುವೆ ಕೆಳಗೆ ಹೋಗಬೇಕು. ಆಮೇಲೆ ಈ ಬೆಂಚು? ಈ ಕಾಫಿ? ಅವನು ತರುವ ಚೆರಿ ಹಣ್ಣು, ಬೀಜ ಯಾರು ದೂರ ಉಗುಳುತ್ತಾರೆ ಎಂಬ ಪಂದ್ಯ?

ಒಂದು ಸಂಜೆ ಪಾಶಾ ಅವಳ ನೊಣಕ್ಕೇ ಬಾಯಿ ಹಾಕಿತು. ಕೋಲು ಎತ್ತಬೇಕಿತ್ತು. ಎತ್ತಿದಳು. ಒಂದು ಉಸಿರಿನಷ್ಟು ತಡವಾಗಿ.

"ತಪ್ಪಿಸ್ಕೊಂಡ್ತು," ಎಂದಳು. ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷವನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಈ ನಡುವೆ ಜುಮ್ರಾ ಇನ್ನೊಂದು ಸಲ ಫೇಲಾದಳು. ಮಗಳ ಗೆಳೆಯನಿಗೆಂದು ಬುರೆಕ್ ಎಂಬ ಖೀಮಾ ತುಂಬಿದ ತಿನಿಸು ಮಾಡಿ ಬೆಂಚಿಗೆ ಕಳಿಸಿದಳು. ನೆರ್ಮಿನ್ ಮೂರು ತುಂಡು ತಿಂದ, ಬಹಳ ಚೆನ್ನಾಗಿದೆ ಎಂದ. ಮುಂದಿನ ವಾರ ಜುಮ್ರಾಳನ್ನು ಮೂರನೆಯ ಸಲವೂ ಫೇಲ್ ಮಾಡಿದ.

* * *

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಆ ಸಂಜೆ ಮೆಲಿಹಾಳ ಸ್ಥಿತಿ ಅದೇ.

ಸುಲ್ಯೋ ಮಾವನಿಗೆ ಮಂಡಿ ಹಿಡಿದುಕೊಂಡಿತ್ತು. ನೆರ್ಮಿನ್ ಅವನನ್ನು ಹೆಗಲು ಕೊಟ್ಟು ಮನೆಗೆ ಬಿಡಲು ಹೋದ. ಟೋಪಿ ಬೆಂಚಿನ ಮೇಲೆಯೇ ಉಳಿಯಿತು. ಪಟ್ಟಿಯಲ್ಲಿ ಸಾಲಾಗಿ ನೊಣಗಳು...

ಮೆಲಿಹಾ ಅತ್ತ ನೋಡಿದಳು. ಇತ್ತ ನೋಡಿದಳು. ಯಾರೂ ಇಲ್ಲ. 'ಒಂದೇ ಒಂದು. ಸುಮ್ನೆ ನೋಡಿ ವಾಪಸ್ ಇಡ್ತೀನಿ.'

ತೆಗೆದಳು. ಬಾತುಕೋಳಿಯ ಬೂದು ಪುಕ್ಕ, ಹಳದಿ ನೂಲು. ಎಷ್ಟು ಅಂದವಾಗಿ ಕಟ್ಟಿದ್ದಾನೆ! ಸುಮ್ಮನೆ ನೋಡುವ ಕೈ ಸುಮ್ಮನಿರುತ್ತದೆಯೇ? ಗಡಿಬಿಡಿಯಲ್ಲಿ ತನ್ನ ದಾರಕ್ಕೆ ಗಂಟು ಹಾಕಿ ಬೀಸಿಯೇಬಿಟ್ಟಳು.

ಪಾಶಾ ಬಂತು! ನುಂಗಿತು! ಅವಳು ಕೋಲೆತ್ತಿದಳು... ಖಾಲಿ.

ಮತ್ತೆ ಬೀಸಿದಳು. ಮತ್ತೆ ಬಂತು, ಮತ್ತೆ ನುಂಗಿತು. ಈ ಸಲ ತಡವಾಗಲಿಲ್ಲ, ಸರಿಯಾದ ಗಳಿಗೆಗೇ ಎತ್ತಿದಳು. ಖಾಲಿ!

"ಇದೇನಿದು ಮಾಟ?" ಎಂದು ನೊಣವನ್ನು ಹಿಡಿದು ಕಣ್ಣಿನ ಹತ್ತಿರ ತಂದಳು.

ಕೊಕ್ಕೆಯೇ ಇರಲಿಲ್ಲ!

'ಹಿಂದಿನ ಕಲ್ಲಿಗೆ ಬಡಿದು ಮುರಿದಿರಬೇಕು' ಎಂದುಕೊಂಡಳು. ಗಾಳದವರಿಗೆಲ್ಲ ಒಮ್ಮೆಯಾದರೂ ಆಗುವ ಎಡವಟ್ಟು ಅದು, ಗಂಟೆಗಟ್ಟಲೆ ಬರೀ ನೊಣ ಬೀಸುತ್ತಾ ಇರುತ್ತಾರೆ. ಟೋಪಿಯ ಪಟ್ಟಿಯಿಂದ ಇನ್ನೊಂದನ್ನು ತೆಗೆದಳು. ಅದಕ್ಕೂ ಇಲ್ಲ. ಇನ್ನೊಂದು, ಮತ್ತೊಂದು. ಒಂದಕ್ಕೂ ಇಲ್ಲ! ಎಲ್ಲವನ್ನೂ ಕೊಕ್ಕೆ ಬಾಗುವಲ್ಲೇ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಲಾಗಿತ್ತು.

ಅವಳು ನೊಣಗಳನ್ನೆಲ್ಲ ಮತ್ತೆ ಟೋಪಿಯ ಪಟ್ಟಿಗೆ ತುರುಕಿದಳು.

'ಹಿಡಿಯೋಕೆ ಆಗದೆ ಅಲ್ಲ... ಬೇಕೂಂತಲೇ ಬಿಡ್ತಾ ಇದ್ದ. ಪಾಪ, ಹೆಂಗಸು, ಗೆಲ್ಲಲಿ ಅಂತ! ಕನ್ನಡಿ ನೋಡಲಿಲ್ಲ ಅಂತ ನನ್ನ ವಿದ್ಯಾರ್ಥಿಗಳನ್ನೆಲ್ಲ ಫೇಲ್ ಮಾಡೋನು, ನನ್ನನ್ನ ಮಾತ್ರ ಪರೀಕ್ಷೆನೇ ಇಲ್ದೆ ಪಾಸ್ ಮಾಡ್ತಾನಂತೆ! ಕನಿಕರ! ನನ್ನ ಮೇಲೆ ಕನಿಕರ!'

ನೆರ್ಮಿನ್ ಹಿಂತಿರುಗಿದಾಗ ಅವಳು ಕೋಲು ಮಡಚಿ ನಿಂತಿದ್ದಳು.

"ಏನಾಯ್ತು?"

ಏನೆಂದು ಹೇಳುವುದು? ಹೇಳಿದರೆ ಕದ್ದದ್ದೂ ಹೇಳಬೇಕು!

"ತಲೆನೋವು," ಎಂದಳು. "ನಾಳೆಯಿಂದ ಬರಲ್ಲ."

"ಎಷ್ಟು ದಿನ?"

"ತಲೆ ಇರೋವರೆಗೂ!"

* * *

ಮೆಲಿಹಾ ಬರಲಿಲ್ಲ. ಹಗಲಲ್ಲಿ ಅವಳ ಕಾರಿನಿಂದ ಬರುವ ಕಿರುಚಾಟಕ್ಕೆ ಹೆದರಿ ಪಾರಿವಾಳಗಳು ಚೌಕ ಬಿಟ್ಟು ಹೋದವು. ಒಬ್ಬ ವಿದ್ಯಾರ್ಥಿ ಸೈಕಲ್ಲೇ ಸಾಕು ಎಂದು ಬಿಟ್ಟುಹೋದ. ಸಂಜೆ ಹೊತ್ತು ಮನೆಯಲ್ಲಿ ಕೂತು ಗೋಡೆ ನೋಡುವಳು. ಗೋಡೆಯಲ್ಲೂ ದಪ್ಪ ಹುಬ್ಬು ಕಾಣುತ್ತಿತ್ತು.

ಭಾನುವಾರ ಬಾಗಿಲು ತಟ್ಟಿದ ಸದ್ದು. ನೆರ್ಮಿನ್! ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಫಿಪುಡಿಯ ಪೊಟ್ಟಣ, ಸಕ್ಕರೆ ತುಂಡುಗಳ ಡಬ್ಬಿ. ಮನೆಗೆ ಬರುವವರು ತರಬೇಕಾದ್ದನ್ನು ತಂದಿದ್ದ.

ಸುಲ್ಯೋ ಮಾವ ಸೋಫಾದಲ್ಲಿ ಎದ್ದು ಕೂತ. ಜುಮ್ರಾ ಸೊಂಟಕ್ಕೆ ಕೈಯಿಟ್ಟಳು.

"ಬನ್ನಿ ಬನ್ನಿ, ಪರೀಕ್ಷಕರೇ. ಕುರ್ಚಿಗೆ ಕೂರೋಕೆ ಮುಂಚೆ ಹಿಂದೆ ನೋಡಿದ್ರಾ?"

"ನೋಡಿದೆ, ಅಮ್ಮ," ಎಂದು ಕೂತ ಅವನು.

ನಮ್ಮಲ್ಲಿ ಬಂದವರಿಗೆ ಮೊದಲು ಸ್ವಾಗತದ ಕಾಫಿ, ಆಮೇಲೆ ಹರಟೆಯ ಕಾಫಿ, ಕೊನೆಗೆ 'ಇನ್ನು ಎದ್ದೇಳಿ' ಎನ್ನುವ ಕಾಫಿ. ಆ ಕೊನೆಯದಕ್ಕೆ ಸಿಕ್ತೆರುಶಾ ಎಂದು ಹೆಸರು. ಅದು ಬಂತೆಂದರೆ ಮರ್ಯಾದಸ್ಥರು ಬೂಟು ಹುಡುಕಿಕೊಳ್ಳುತ್ತಾರೆ. ಮೆಲಿಹಾ ಒಳಗಿನಿಂದ ಒಂದೇ ಲೋಟ ತಂದು ಅವನ ಮುಂದೆ ಕುಕ್ಕಿದಳು.

"ಸಿಕ್ತೆರುಶಾ," ಎಂದಳು. "ಮೊದಲನೆಯದೂ ಇದೇ, ಕೊನೆಯದೂ ಇದೇ."

"ಹುಡುಗೀ!" ಎಂದು ಜುಮ್ರಾ ಕೆನ್ನೆಗೆ ಕೈಯಿಟ್ಟುಕೊಂಡಳು. ಎಷ್ಟೇ ಸಿಟ್ಟಿದ್ದರೂ ಅತಿಥಿಗೆ ಇಂಥ ಅವಮಾನ ಆ ಮನೆಯಲ್ಲಿ ಆಗಿರಲಿಲ್ಲ.

ನೆರ್ಮಿನ್ ನಿಧಾನವಾಗಿ ಕುಡಿದ. ತಳದ ಗಸಿಯವರೆಗೂ ಕುಡಿದ. ಲೋಟ ಕೆಳಗಿಟ್ಟ.

"ಇನ್ನೊಂದು ಸಿಗುತ್ತಾ?"

ಸುಲ್ಯೋ ಮಾವನಿಗೆ ಬಿಕ್ಕಳಿಕೆ ಬಂತು.

ಮೆಲಿಹಾಳ ಸಹನೆ ಒಡೆಯಿತು. "ಕೊಕ್ಕೆ ಇಲ್ಲದ ನೊಣ ಕಟ್ಕೊಂಡು ನನ್ನ ಆಟ ಆಡಿಸ್ತೀರಾ? ನಾನೇನು ಚಿಕ್ಕ ಮಗೂನಾ, ಬೇಕೂಂತ ಸೋತು ಚಪ್ಪಾಳೆ ತಟ್ಟೋಕೆ? ನಿಮ್ಮ ಕನಿಕರ ನೀವೇ ಇಟ್ಕೊಳ್ಳಿ!"

ನೆರ್ಮಿನ್‌ನ ಕಿವಿ ಕೆಂಪಾಯಿತು. "ಅದು... ನಿಮಗೆ ಹೇಗೆ ಗೊತ್ತಾಯ್ತು?"

ಮೆಲಿಹಾ ಸಕ್ಕರೆ ಡಬ್ಬಿಯನ್ನು ಅತ್ತಿಂದಿತ್ತ ಸರಿಸತೊಡಗಿದಳು.

"ಟೋಪಿಯಿಂದ ನೊಣ ತೆಗೆದ್ರಾ?"

"ಕದ್ದೆಯಾ?!" ಎಂದಳು ಜುಮ್ರಾ, ಎದೆ ಹಿಡಿದುಕೊಂಡು. "ಇನ್ನೊಬ್ಬರ ನೊಣಾನಾ?! ನಿಮ್ಮಪ್ಪ ಇದನ್ನ ಕೇಳಿದ್ರೆ ಗೋರಿಯಲ್ಲೇ ಮಗ್ಗುಲು ಬದಲಾಯಿಸ್ತಿದ್ರು!"

"ಅಮ್ಮಾ, ನೀನು ಯಾರ ಕಡೆ?"

"ಗಾಳದ ಕಡೆ!"

ನೆರ್ಮಿನ್ ಬಾಯಿ ತೆರೆದ. ಅತ್ತ ಜುಮ್ರಾ, ಇತ್ತ ಸುಲ್ಯೋ, ಕಿಟಕಿಯಲ್ಲಿ ಪಕ್ಕದ ಮನೆಯಾಕೆ. ಬಾಯಿ ಮುಚ್ಚಿದ. ಜೀವಮಾನವಿಡೀ ಫೇಲ್, ಪಾಸ್ ಎಂಬ ಎರಡೇ ಮಾತು ಆಡಿದವನಿಗೆ ಮೂರನೆಯದು ಸುಲಭಕ್ಕೆ ಬರುತ್ತದೆಯೇ?

"ನಾಳೆ ಸಂಜೆ," ಎಂದಳು ಮೆಲಿಹಾ. "ನಿಜವಾದ ಕೊಕ್ಕೆ. ಎಲ್ಲರ ಮುಂದೆ ತೋರಿಸಿ ಕಟ್ಟಬೇಕು. ಇದು ನಾಳೆನೇ ತೀರ್ಮಾನ ಆಗಲಿ."

"ಆಗಲಿ," ಎಂದು ಅವನು ಎದ್ದ. ಬಾಗಿಲಲ್ಲಿ ಒಮ್ಮೆ ಹಿಂದೆ ನೋಡಿದ. ಮೆಲಿಹಾ ಗೋಡೆ ನೋಡುತ್ತಿದ್ದಳು.

* * *

ಮಾರನೆಯ ಸಂಜೆ ಗಾಳಿಯಿರಲಿಲ್ಲ. ಹುಳುಗಳು ನೀರಿನ ಮೇಲೆ ಮಂಜಿನಂತೆ ಏಳುತ್ತಿದ್ದವು.

ನೆರ್ಮಿನ್ ತನ್ನ ನೊಣವನ್ನು ಸುಲ್ಯೋ ಮಾವನ ಅಂಗೈಯಲ್ಲಿಟ್ಟು ತೋರಿಸಿದ. ಕೊಕ್ಕೆ ಇತ್ತು. ಅವನು ನೀರಿಗಿಳಿದು ಬೀಸಿದ. ಆದರೆ ಅವನ ಕಣ್ಣು ಅಂದು ನೀರಿನ ಮೇಲಿರಲಿಲ್ಲ, ಬೆಂಚಿನ ಮೇಲಿತ್ತು. ದಾರ ಛಪ್ಪೆಂದು ನೀರಿಗೆ ಬಡಿಯಿತು. ಪಾಶಾ ಬಂಡೆಯಡಿ ಸೇರಿತು.

"ಸರದಿ ಬದಲು," ಎಂದ ಸುಲ್ಯೋ ಮಾವ.

ಮೆಲಿಹಾ ಕಾದಳು. ಬಹಳ ಹೊತ್ತು ಕಾದಳು. ಬಂಡೆಯ ಪಕ್ಕದಲ್ಲಿ ಮತ್ತೆ ಸಣ್ಣ ಉಂಗುರ ಎದ್ದಾಗ ಬೀಸಿದಳು. ನೊಣ ಇಳಿಯಿತು. ತೇಲಿತು. ಮಾಯವಾಯಿತು. ಅವಳು ಎತ್ತಿದಳು.

ಕೋಲು ಬಿಲ್ಲಿನಂತೆ ಬಾಗಿತು!

"ಸಿಕ್ತು! ಸಿಕ್ತು!" ಎಂದು ಕುಣಿದ ಸುಲ್ಯೋ ಮಾವ.

ಪಾಶಾ ಸುಮ್ಮನೆ ಬರುವ ಮೀನೇ? ರೀಲು ಕಿರ್ರೆಂದು ಕಿರುಚಿತು. ಮೀನು ಕೆಳಗಿನ ರಭಸದತ್ತ ಓಡಿತು. ಮೆಲಿಹಾ ಹಿಂದೆ ಓಡಿ, ಜಾರಿ, ಒಂದು ಬೂಟಿನ ತುಂಬ ನೀರು ತುಂಬಿಸಿಕೊಂಡಳು. ಅವಳ ಕೈಬಲೆ ದಡದಲ್ಲೇ ಉಳಿದಿತ್ತು.

"ಬಲೆ! ಯಾರಾದ್ರೂ ಬಲೆ!"

ಸುಲ್ಯೋ ಮಾವ ಮಂಡಿ ತೋರಿಸಿದ. ಉಳಿದವನು ಒಬ್ಬನೇ.

ನೆರ್ಮಿನ್ ಬಲೆ ಹಿಡಿದು ನೀರಿಗೆ ಧುಮುಕಿದ. ಎದೆಮಟ್ಟ ಬಂತು, ಟೋಪಿ ತೇಲಿಹೋಯಿತು. ಅವನು ಒಂದಿಷ್ಟು ಎಡವಿದರೆ ಸಾಕಿತ್ತು, ದಾರಕ್ಕೆ ಬಲೆ ತಗುಲಿದರೆ ಸಾಕಿತ್ತು, ಪಾಶಾ ಹೋಗುತ್ತಿತ್ತು, ಪಂದ್ಯ ಉಳಿಯುತ್ತಿತ್ತು. ಅವನು ಎಡವಲಿಲ್ಲ. ಬಲೆಯನ್ನು ಮೀನಿನ ಕೆಳಗೆ ಮೆತ್ತಗೆ ತಂದು, ಒಂದೇ ಸಲಕ್ಕೆ ಎತ್ತಿದ.

ಪಾಶಾ ಬಲೆಯಲ್ಲಿತ್ತು. ಕಂದು ಬೆನ್ನು, ಕೆಂಪು ಚುಕ್ಕೆ, ಮುಖದ ಮೇಲೆ ಭಾರೀ ತಿರಸ್ಕಾರ.

ಮೆಲಿಹಾ ಕೊಕ್ಕೆ ಬಿಡಿಸಿದಳು. ಇಬ್ಬರೂ ಅದನ್ನು ನೀರಿನಲ್ಲಿ ಹಿಡಿದು ಉಸಿರು ಬರುವ ತನಕ ನಿಂತರು. ಬೆರಳಿಗೆ ಬೆರಳು ತಾಗಿತು. ಪಾಶಾ ಬಾಲ ಬೀಸಿ ಇಬ್ಬರ ಮುಖಕ್ಕೂ ನೀರೆರಚಿ ಹೊರಟುಹೋಯಿತು.

"ನಿಮ್ಮದು," ಎಂದ ನೆರ್ಮಿನ್. "ಸರಿಯಾಗಿ ಗೆದ್ರಿ."

ಕೋಲು ಹೆಗಲಿಗಿಟ್ಟು, ಬೂಟಿನಿಂದ ನೀರು ಸುರಿಸುತ್ತಾ ಸೇತುವೆಯ ಕಡೆಗೆ ನಡೆದ.

ಮೆಲಿಹಾ ಬೆಂಚಿಗೆ ಬಂದು ಕೂತಳು. ಮಡು ಅವಳದು. ಇಡೀ ಮಡು. ಅಭ್ಯಾಸಬಲದಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿದ್ದಳು. ಮೂರನೆಯದು ಹಬೆಯಾಡುತ್ತಾ ಕೂತಿತ್ತು.

"ಗೆದ್ದೆ ಮಾವ," ಎಂದಳು. ದನಿ ಒಡೆಯಿತು.

"ಹೂಂ. ಗೆದ್ದೋರು ಹೀಗೆ ಅಳ್ತಾರೆ ಅಂತ ಗೊತ್ತಿರಲಿಲ್ಲ."

"ಅವನಿಗೆ ಕೊಕ್ಕೆ ಕತ್ತರಿಸೋ ಕನಿಕರ ಯಾಕೆ ಬಂತು ಮಾವ? ಅದಿಲ್ದೇ ಇದ್ದಿದ್ರೆ..."

"ಅಲ್ವೇ ಹುಚ್ಚೀ, ನಿಮ್ಮಮ್ಮನ್ನ ಮೂರು ಸಲ ಉರುಳಿಸಿದೋನ ಹತ್ರ ಕನಿಕರ ಎಲ್ಲಿಂದ ಬರುತ್ತೆ? ಹೋಗಿ ಅವನನ್ನೇ ಕೇಳು. ಲೋಟ ತಗೊಂಡ್ಹೋಗು, ಆರಿಹೋಗುತ್ತೆ."

ಮೆಲಿಹಾ ಎದ್ದಳು. ಕಾಫಿ ತುಳುಕದಂತೆ, ಆದರೆ ಓಡುತ್ತಾ... ಅದು ಹೇಗೆ ಸಾಧ್ಯವಾಯಿತೋ ಅವಳಿಗೇ ಗೊತ್ತಿಲ್ಲ.

* * *

ಸೇತುವೆಯ ಕೆಳಗೆ ನೆರ್ಮಿನ್ ಬೆನ್ನು ಹಾಕಿ ನಿಂತು ಬೀಸುತ್ತಿದ್ದ. ದಾರ ಹಿಂದಕ್ಕೆ ಬಂತು. ನೊಣ ಅವಳ ಅಂಗಿಯ ತೋಳಿಗೆ ಸಿಕ್ಕಿತು. ಅವನು ಜಗ್ಗಿದ.

"ಮರ ಅಲ್ಲ," ಎಂದಳು ಮೆಲಿಹಾ ಮೆಲ್ಲಗೆ. "ನಾನು."

ಅವನು ತಿರುಗಿದ. ಕೋಲು ಕೈಯಿಂದ ಜಾರಿತು.

"ಹೇಳಿ," ಎಂದಳು. "ಇಲ್ಲಿ ಅಮ್ಮ ಇಲ್ಲ, ಮಾವ ಇಲ್ಲ. ಯಾಕೆ ಕತ್ತರಿಸಿದ್ರಿ? ಕನಿಕರಾನಾ?"

"ಕನಿಕರ? ನನಗಾ?" ನೆರ್ಮಿನ್ ನಿಜವಾಗಿ ನೊಂದುಕೊಂಡ. "ಕನಿಕರ ಇದ್ದಿದ್ರೆ ಮೊದಲು ನಿಮ್ಮಮ್ಮನ್ನ ಪಾಸ್ ಮಾಡ್ತಿರಲಿಲ್ವಾ? ಅವರ ಬುರೆಕ್ ತಿಂದ ಮೇಲೂ ಫೇಲ್ ಮಾಡಿದೀನಿ!"

ಮೆಲಿಹಾ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಮೊದಲು ನಿಜವಾದ ಕೊಕ್ಕೆನೇ ಇತ್ತು," ಎಂದು ಅವನು ನೀರಿಗೆ ಹೇಳುವಂತೆ ಹೇಳಿದ. "ಆಮೇಲೆ ಒಂದಿನ ಕೋಳಿ ಲೈಸೆನ್ಸ್ ಮಾತಿಗೆ ನೀವು ನಕ್ರಿ. ಕಾಫಿ ಮೂಗಿಗೆ ಹತ್ತಿಸ್ಕೊಂಡ್ರಿ. ನಾನು ಮಾತಾಡಿ ಯಾರೂ ಅಷ್ಟು ನಕ್ಕಿರಲಿಲ್ಲ... ಮನೆಗೆ ಹೋಗಿ ಎಲ್ಲಾ ಕೊಕ್ಕೆ ಕತ್ತರಿಸಿದೆ. ಪಾಶಾ ಸಿಕ್ಕಿದ ದಿನ ಬೆಂಚು ಮುಗಿಯುತ್ತೆ ಮೆಲಿಹಾ. ನನಗೆ ಮಡು ಬೇಕಿರಲಿಲ್ಲ. ಬೆಂಚು ಬೇಕಿತ್ತು."

ಮೆಲಿಹಾಳ ಕಣ್ಣು ತುಂಬಿ ಬಂತು. ಬ್ರೇಕ್ ಎಲ್ಲಿದೆ ಎಂದು ಹುಡುಕಲೂ ಇಲ್ಲ.

"ನಾನೂ ಒಂದು ಸಲ ಬೇಕೂಂತ ತಡವಾಗಿ ಎತ್ತಿದೆ," ಎಂದಳು.

"ಗೊತ್ತು."

"ಗೊತ್ತಾ?!"

"ನನ್ನ ಕೆಲಸವೇ ಅದು. ತಪ್ಪು ಕಂಡುಹಿಡಿಯೋದು."

"ಹಾಗಾದ್ರೆ ಆವತ್ತೇ ಯಾಕೆ ಹೇಳಲಿಲ್ಲ?"

"ಫೇಲ್, ಪಾಸ್ ಬಿಟ್ಟು ಮೂರನೆಯ ಮಾತು ಬರಲಿಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಈಗ ಬರುತ್ತೆ. ನೀವಂದ್ರೆ ನನಗೆ ಇಷ್ಟ. ಬಹಳ ಇಷ್ಟ."

ಅವಳು ಲೋಟ ಚಾಚಿದಳು. ಅರ್ಧ ತುಳುಕಿತ್ತು.

"ಇದು ಯಾವ ಕಾಫಿ?" ಎಂದು ಕೇಳಿದ ಹೆದರುತ್ತಾ.

"ಮೊದಲನೆಯದು. ಸ್ವಾಗತದ್ದು."

ಅವನು ಕುಡಿದ. ಆಮೇಲೆ ಅವಳ ತೋಳಿನಿಂದ ಕೊಕ್ಕೆ ಬಿಡಿಸಿದ. ಬಿಡಿಸಿದ ಮೇಲೂ ಕೈ ಅಲ್ಲೇ ಉಳಿಯಿತು. ಅವಳೂ ಬಿಡಿಸಿಕೊಳ್ಳಲಿಲ್ಲ.

ಆಗ ನದಿಯ ಮೇಲ್ಭಾಗದಿಂದ ಒಂದು ಸದ್ದು ಕೇಳಿಸಿತು. ಅದು ಗಾಳದ ದಾರ ಗಾಳಿ ಸೀಳುವ ಸದ್ದು. ಇಬ್ಬರೂ ತಿರುಗಿ ನೋಡಿದರು. ಗಿರಣಿ ಮಡುವಿನ ನಡುವೆ, ಮಂಡಿ ನೋವಿನ ಸುಲ್ಯೋ ಮಾವ, ತೊಡೆಮಟ್ಟ ನೀರಿನಲ್ಲಿ, ಹದಿನೆಂಟರ ಹುಡುಗನಂತೆ ನಿಂತು ಬೀಸುತ್ತಿದ್ದ!

"ಅಲ್ಲಾ, ಈ ಮುದುಕ!" ಎಂದಳು ಮೆಲಿಹಾ. "ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂದ್ರೆ ಇದೇ! ನನ್ನ ಮಡು ಹೋಯ್ತು!"

"ಹೋಗಿ ಓಡಿಸೋಣ್ವಾ?"

ಅವಳು ಒಂದು ಗಳಿಗೆ ಯೋಚಿಸಿದಳು. ಸೇತುವೆ ಕೆಳಗೆ ಬೆರಳುದ್ದದ ಮೀನುಗಳು ಟುಪ್ ಟುಪ್ ಎಂದು ಜಿಗಿಯುತ್ತಿದ್ದವು.

"ಬೇಡ. ಇಲ್ಲಿ ಬೆಂಚು ಹಾಕೋಕೆ ಜಾಗ ಇದೆ."

"ಹಾಗಾದ್ರೆ..." ನೆರ್ಮಿನ್‌ನ ಹುಬ್ಬು ಮೇಲಕ್ಕೇರಿತು. "ನಾನು ಪಾಸಾ?"

"ಹಿಂದೆ ನೋಡಿದ್ಯಾ?"

'ನೋಡಿದ್ಯಾ' ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದನ್ನು ಹಾಗೆಯೇ ಬಿಟ್ಟರು.

"ನೋಡಿದೆ," ಎಂದ ಅವನು.

"ಇನ್ನು ಸಾಕು," ಎಂದು ಮೆಲಿಹಾ ಅವನ ಒದ್ದೆ ಭುಜಕ್ಕೆ ತಲೆಯಿಟ್ಟಳು. "ಮುಂದೆ ನೋಡು."